ಎಳ್ಳಮಾವಾಸ್ಯೆಯ ದಿನ ಎತ್ತಿದ ಶಟರು

ಹಗಲು ಹೊತ್ತಿನಲ್ಲಿ ಬಾಗಿಲು ಹಾಕಿಕೊಂಡು ಕೂರುವವರನ್ನು ಕಂಡರೆ ನಮ್ಮ ಅತ್ತೆಗೆ ಆಗುತ್ತಿರಲಿಲ್ಲ. ಹಗಲಲ್ಲಿ ಬಾಗಿಲು ಹಾಕಿದೆ ಎಂದರೆ ಆ ಮನೆಯಲ್ಲಿ ಹೆಣ ಬಿದ್ದಿರಬೇಕು, ಇಲ್ಲವೇ ಗಂಡ ಹೆಂಡತಿ ಜಗಳವಾಡಿರಬೇಕು ಎನ್ನುವುದು ಅವರ ಲೆಕ್ಕ. ಸನತ್‌ನಗರದ ಕಾರ್ಮಿಕರ ಕ್ವಾರ್ಟರ್ಸಿನಲ್ಲಿ ನಮ್ಮದು ಎರಡು ಕೋಣೆಯ ಮನೆ. ನಲ್ಲಿ ನೀರು ಬರುವ ಹೊತ್ತಿಗೆ ತೆರೆದ ಬಾಗಿಲು ಮಲಗುವವರೆಗೆ ಮುಚ್ಚುತ್ತಿರಲಿಲ್ಲ. ಕಾರ್ಖಾನೆಯ ಹೊಗೆ, ಬೀದಿ ನಾಯಿ, ಎದುರು ಮನೆಯ ಒಗ್ಗರಣೆಯ ಘಾಟು, ಎಲ್ಲಕ್ಕೂ ಒಳಗೆ ಬರುವ ಹಕ್ಕಿತ್ತು. ಸೀರೆ ಬದಲಿಸಬೇಕಾದರೂ ನಿಮ್ಮ ಅಪ್ಪಣೆ ಕೇಳಬೇಕೇನು ಎಂದು ನಾನು ಎಷ್ಟೋ ಸಲ ಅವರ ಮೇಲೆ ರೇಗಿದ್ದೇನೆ. ನನ್ನ ಬಾಯಿ ಜೋರು, ಅದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಓಣಿಯಲ್ಲಿ ನೀರಿನ ಜಗಳವಾದರೆ ಮೊದಲು ನನ್ನನ್ನೇ ಕರೆಯುತ್ತಿದ್ದರು.

ನಾವು ಬೀದರ್ ಕಡೆಯವರು. ನಮ್ಮವರು ಲೇತ್ ಮಷಿನ್ ಮೇಲೆ ಟರ್ನರ್. ತಿರುಗುವ ಕಬ್ಬಿಣವನ್ನು ಕಡೆದು ಬೇಕಾದ ಅಳತೆಗೆ ಇಳಿಸುವ ಕೆಲಸ. ಮದುವೆಯಾದ ಹೊಸತರಲ್ಲಿ ಅವರ ಅಂಗಿಯಿಂದ ಕಬ್ಬಿಣದ ಸುರುಳಿ ಚೂರುಗಳು ಉದುರಿ ನನ್ನ ಅಂಗಾಲಿಗೆ ಚುಚ್ಚುತ್ತಿದ್ದವು. ಮೂರು ಹೊತ್ತೂ ಮಷಿನ್ ಸದ್ದಿನಲ್ಲಿ ಇದ್ದು ಇದ್ದು ಅವರಿಗೆ ಮೆಲ್ಲಗೆ ಮಾತನಾಡುವುದೇ ಬರುತ್ತಿರಲಿಲ್ಲ. ನನಗೂ ಅವರಿಗೂ ಜಗಳವಾದರೆ ಹಿಂದಿನ ಸಾಲಿನವರು ಬಂದು ಪಂಚಾಯಿತಿ ಮಾಡುತ್ತಿದ್ದರು, ಅಷ್ಟು ಗಂಟಲು.

ಆ ವರ್ಷಗಳಲ್ಲಿ ಹೈದರಾಬಾದಿನಲ್ಲಿ ಯಾರ ಬಾಯಲ್ಲಿ ನೋಡಿದರೂ ಕಂಪ್ಯೂಟರ್. ಮಾದಾಪುರದ ಬಂಡೆಗಳನ್ನು ಸಿಡಿಸಿ ಗಾಜಿನ ಕಟ್ಟಡ ಎಬ್ಬಿಸುತ್ತಿದ್ದರು. ನಮ್ಮೂರ ಕಡೆಯ ಜನ ಲಾರಿಗಟ್ಟಲೆ ಬಂದು ಅಲ್ಲಿ ಕಲ್ಲು ಮಣ್ಣು ಹೊರುತ್ತಿದ್ದರು. ಇತ್ತ ಸನತ್‌ನಗರದಲ್ಲಿ ಸಣ್ಣ ಸಣ್ಣ ಕಾರ್ಖಾನೆಗಳು ಒಂದೊಂದಾಗಿ ಮಲಗುತ್ತಿದ್ದವು. ನಮ್ಮವರ ಕಾರ್ಖಾನೆಯ ಮಾಲೀಕನ ಮಗನಿಗೆ ಕಬ್ಬಿಣದ ಮೇಲಿನ ಮೋಹ ಹರಿಯಿತು. ಅಪ್ಪ ಕಣ್ಣು ಮುಚ್ಚಿದ್ದೇ ತಡ, ಮಷಿನ್‌ಗಳನ್ನೆಲ್ಲ ಗುಜರಿಗೆ ಹಾಕಿ, ಆ ಜಾಗದಲ್ಲಿ ಕಂಪ್ಯೂಟರ್ ಪೆಟ್ಟಿಗೆಗಳನ್ನು ತುಂಬುವ ಗೋದಾಮು ಮಾಡಿದ. ಊರಿಗೆಲ್ಲ ಹಬ್ಬ, ನಮಗೆ ಮಾತ್ರ ಉಪವಾಸ. ಇಪ್ಪತ್ತು ವರ್ಷ ಲೇತ್ ತಿರುಗಿಸಿದ ಕೈಗೆ ಕೀಬೋರ್ಡ್ ಕೊಟ್ಟರೆ ಏನು ಮಾಡಿಯಾರು?

ಸೌದಿಯ ಮಾತು ತಂದವನು ನಮ್ಮ ಓಣಿಗೆ ಆಗಾಗ ಬರುತ್ತಿದ್ದ ಒಬ್ಬ ಏಜೆಂಟ. ಅತ್ತರಿನ ವಾಸನೆ ಮೊದಲು ಬರುತ್ತಿತ್ತು, ಆಮೇಲೆ ಅವನು. ಹೊರಗಿನಿಂದ ಹೋದ ಪ್ರತಿ ಕೆಲಸಗಾರನಿಗೂ ಅಲ್ಲಿ ಆ ದೇಶದವನೊಬ್ಬ ಹೊಣೆ ನಿಲ್ಲಬೇಕು. ಅವನನ್ನು ಕಫೀಲ ಎನ್ನುತ್ತಾರೆ. ಪಾಸ್‌ಪೋರ್ಟು ಅವನ ಪೆಟ್ಟಿಗೆಯಲ್ಲಿ, ಕೆಲಸವೂ ಕಾಯಿದೆಯ ಪ್ರಕಾರ ಅವನ ಬಳಿಯೇ. ಆದರೆ ಏಜೆಂಟ ತಂದದ್ದು ಆಜಾದ್ ವೀಸಾ. ಕಾಗದದಲ್ಲಿ ಕಫೀಲನ ಆಳು, ದುಡಿಯುವುದು ಮಾತ್ರ ಹೊರಗೆ ಎಲ್ಲಿ ಬೇಕಾದರೂ. ಕಫೀಲನನ್ನು ವರ್ಷಕ್ಕೊಮ್ಮೆ ಸಂತೋಷಪಡಿಸಿದರೆ ಅವನು ಕಣ್ಣು ಮುಚ್ಚಿಕೊಂಡಿರುತ್ತಾನೆ. ಅದಕ್ಕೆ ಆಜಾದ್, ಅಂದರೆ ಸ್ವತಂತ್ರ, ಎಂದು ಹೆಸರಿಟ್ಟವನ ಬಾಯಿಗೆ ಹುಳ ಬೀಳಲಿ.

"ಕುರಿ ಕಾಯೋ ಕೆಲಸ ಅಂತ ಬರದಾರ," ಎಂದು ನಮ್ಮವರು ಹೇಳಿದಾಗ ನಾನು ನಕ್ಕುಬಿಟ್ಟೆ.

"ಓಣ್ಯಾಗ ಒಂದು ಆಡು ಬಂದ್ರ ಮಂಚಾ ಏರ್ತೀರಿ. ನೀವು ಕುರಿ ಕಾಯ್ತೀರೇನ್ರಿ?"

"ಕುರಿ ಕಾಗದದಾಗಷ್ಟ. ಕೆಲಸ ವರ್ಕ್‌ಶಾಪಿನಾಗ. ಲೇತ್ ಐತಿ, ದೊಡ್ಡ ಲೇತ್," ಎಂದರು. ಆ ದೊಡ್ಡ ಲೇತ್ ಎನ್ನುವಾಗ ಅವರ ಮುಖದಲ್ಲಿ ಮೂಡಿದ ಕಳೆಯನ್ನು ನೋಡಿ ನಾನು ಬೇಡವೆನ್ನಲಿಲ್ಲ.

ಹೋದ ಮೇಲೆ ಮೊದಮೊದಲು ಎಲ್ಲ ಚೆನ್ನಾಗಿಯೇ ಇತ್ತು. ವರ್ಕ್‌ಶಾಪಿನ ಮೇಲೆಯೇ ಒಂದು ಕೋಣೆ, ಅಲ್ಲೇ ಊಟ, ಅಲ್ಲೇ ನಿದ್ದೆ. ಅವರು ಹೋದ ಮರುವರ್ಷ ಎದುರು ಮನೆಯಾಕೆಯ ಗಂಡನನ್ನೂ ಅಲ್ಲಿಗೆ ಕರೆಸಿಕೊಂಡರು. ಎದುರು ಮನೆಯಾಕೆಯನ್ನು ನಾನು ಅಕ್ಕಾ ಎನ್ನುತ್ತಿದ್ದೆ. ಅವಳಿಗೆ ನಾನು ತಂಗಿ, ಅವಳ ಗಂಡ ನನಗೆ ಅಣ್ಣ. ಅವಳ ಮನೆಯ ಸಾರು ನಮ್ಮ ಮನೆಗೆ, ನಮ್ಮ ಮನೆಯ ಪಲ್ಯ ಅವರ ಮನೆಗೆ, ಬೋಗುಣಿಗಳಿಗೇ ಯಾವುದು ತಮ್ಮ ಮನೆ ಎಂದು ಮರೆತುಹೋಗಿತ್ತು. ಅವಳ ಮಗಳು ನಾರಾಯಣಗೂಡದ ಕಾಲೇಜಿನಲ್ಲಿ ಕಂಪ್ಯೂಟರ್ ಓದುತ್ತಿದ್ದಳು. ನಮ್ಮ ಓಣಿಯಿಂದ ಆ ಗಾಜಿನ ಕಟ್ಟಡದೊಳಗೆ ಯಾರಾದರೂ ಹೋಗುವುದಿದ್ದರೆ ಅದು ಅವಳೇ ಎಂದು ಎಲ್ಲರೂ ಅಂದುಕೊಂಡಿದ್ದೆವು. ಅಣ್ಣ ಸೌದಿಗೆ ಹೋದದ್ದೂ ಅವಳ ಓದಿಗಾಗಿಯೇ.

ಆಮೇಲೆ ತಪಾಸಣೆ ಶುರುವಾಯಿತು. ತಮ್ಮ ದೇಶದ ಹುಡುಗರಿಗೆ ಕೆಲಸವಿಲ್ಲ, ಹೊರಗಿನವರು ತುಂಬಿಕೊಂಡಿದ್ದಾರೆ ಎಂದು ಅಲ್ಲಿ ಕೂಗೆದ್ದಿತಂತೆ. ಸರಕಾರದವರು ಒಂದೊಂದೇ ಅಂಗಡಿ, ಒಂದೊಂದೇ ವರ್ಕ್‌ಶಾಪು ಹೊಕ್ಕು, ಕೆಲಸ ಮಾಡುತ್ತಿದ್ದವನನ್ನು ನಿಲ್ಲಿಸಿ ಅಲ್ಲಿರಲು ಕೊಟ್ಟ ಪರವಾನಗಿಯ ಕಾರ್ಡ್ ಕೇಳುತ್ತಿದ್ದರು. ನಿನ್ನ ಕಫೀಲ ಯಾರು, ಅವನ ಕುರಿ ಎಲ್ಲಿ, ಕುರಿ ಕಾಯುವವನು ಇಲ್ಲಿ ಲೇತ್ ಮುಂದೆ ಯಾಕೆ ನಿಂತಿದ್ದೀಯ? ಉತ್ತರ ಇಲ್ಲದವನು ವ್ಯಾನು ಹತ್ತಬೇಕು. ಅಕ್ಕಪಕ್ಕದ ಅಂಗಡಿಗಳು ಹಾಗೆಯೇ ಖಾಲಿಯಾದವು. ನಮ್ಮವರ ವರ್ಕ್‌ಶಾಪಿನ ಯಜಮಾನ ಶಟರು ಪೂರ್ತಿ ಇಳಿಸಿ ಒಳಗೆ ಕೆಲಸ ಮಾಡಿಸತೊಡಗಿದ. ಹೊರಗೆ ಯಾರಾದರೂ ಬಡಿದರೆ ಮಷಿನ್ ನಿಲ್ಲಿಸಬೇಕು, ದೀಪ ಆರಿಸಬೇಕು, ಫ್ಯಾನು ನಿಲ್ಲಿಸಬೇಕು, ಕೆಮ್ಮು ಬಂದರೆ ಚಾದರ ಕಚ್ಚಬೇಕು. ಬಡಿದವರು ಹೋದರು ಎಂದು ಖಾತ್ರಿಯಾದ ಮೇಲೆ ಒಬ್ಬ "ಹೋದ್ರು" ಅನ್ನಬೇಕು. ಅಲ್ಲಿಯವರೆಗೆ ಯಾರೂ ಅಲ್ಲಾಡುವಂತಿಲ್ಲ. ಆ ಬೇಸಿಗೆಯಲ್ಲಿ, ಆ ದೇಶದಲ್ಲಿ!

ಅಷ್ಟರಲ್ಲಿ ಕಫೀಲನಿಗೂ ತನ್ನ ತಲೆಗೆ ಬಂದೀತೆಂಬ ಭಯ ಹತ್ತಿತು. ನಮ್ಮವರು ತನ್ನ ಬಳಿಯಿಂದ ಓಡಿಹೋಗಿದ್ದಾರೆ ಎಂದು ದೂರು ಕೊಟ್ಟು ಕೈ ತೊಳೆದುಕೊಂಡ. ಉಳಿದವರ ಕಾರ್ಡ್‌ಗಳಿಗೆ ಇನ್ನೂ ಜೀವ ಇತ್ತು, ನಮ್ಮವರದು ಮಾತ್ರ ಸತ್ತುಹೋಯಿತು. ಅಲ್ಲಿರೋಣವೆಂದರೆ ಕಾರ್ಡಿಲ್ಲ, ಮನೆಗೆ ಬರೋಣವೆಂದರೆ ಪಾಸ್‌ಪೋರ್ಟಿಲ್ಲ. ಅತ್ತ ದರಿ, ಇತ್ತ ಪುಲಿ.

ಓಣಿಯ ತುದಿಯ ಕಿರಾಣಿ ಅಂಗಡಿಗೆ ಶುಕ್ರವಾರ ಅವರ ಫೋನು ಬರುತ್ತಿತ್ತು. ಅಂಥ ಗಂಟಲಿನ ಗಂಡಸು ಈಗ ಪಿಸುಗುಟ್ಟುತ್ತಿದ್ದರು.

"ಮೆಲ್ಲಕ ಮಾತಾಡು," ಎಂದರು ಒಂದು ಸಲ.

"ನಾ ಸನತ್‌ನಗರದಾಗ ಅದೀನ್ರಿ. ಇಲ್ಲಿ ಯಾರ ಕೇಳ್ತಾರ?"

"ಆದ್ರೂ ಮೆಲ್ಲಕ."

ನಗು ಬರಬೇಕಾದ ಮಾತು, ಆದರೆ ನಾನೂ ಪಿಸುಗುಟ್ಟತೊಡಗಿದೆ. ಸಕ್ಕರೆ ಮೂಟೆಗಳ ನಡುವೆ ಮುದುಡಿಕೊಂಡು, ಸೆರಗು ಬಾಯಿಗೆ ಅಡ್ಡ ಹಿಡಿದು ನನ್ನ ಸ್ವಂತ ಗಂಡನೊಂದಿಗೆ ಕದ್ದು ಮಾತಾಡಿದೆ. ಅಂಗಡಿಯ ಸೇಠನಿಗೆ ಬೇರೆಯೇ ಸಂಶಯ ಬಂದು, ಫೋನಿನಲ್ಲಿ ಇರುವವರು ಯಾರಮ್ಮಾ ಎಂದು ತೆಲುಗಿನಲ್ಲಿ ಕೇಳಿದ. ನಿನ್ನ ಅಳಿಯ ಎಂದು ಬೈದು ಬಂದೆ.

ಅವರಿಗೆ ಬೇಕಾಗಿದ್ದದ್ದು ಒಂದೇ, ಮನೆಗೆ ಬರುವುದು. ನಮಗೂ ಅದೇ. ಆದರೆ ಬರುವ ದಾರಿ ಒಂದೇ ಇತ್ತು: ಸಿಕ್ಕಿಬೀಳಬೇಕು. ಸಿಕ್ಕಿಬಿದ್ದವರನ್ನು ಜೈಲಿನಲ್ಲಿ ಕೂಡಿಹಾಕಿ, ಬೆರಳಚ್ಚು ತೆಗೆದುಕೊಂಡು, ಪಾಸ್‌ಪೋರ್ಟಿನ ಬದಲು ಒಂದು ಔಟ್‌ಪಾಸ್ ಕೈಗಿಟ್ಟು ವಿಮಾನ ಹತ್ತಿಸುತ್ತಿದ್ದರು. ಊರ ಹೊರಗೆ ಒಂದು ಮೇಲ್ಸೇತುವೆಯ ಕೆಳಗೆ ಅಂಥವರೆಲ್ಲ ಗುಂಪುಗೂಡಿ ಕೂತಿರುತ್ತಿದ್ದರಂತೆ. ಯಾವ ಯಾವ ದೇಶದವರೋ. ನಮ್ಮನ್ನು ಹಿಡಿಯಿರಿ ಎಂದು ಕಾದು ಕೂತ ಕಳ್ಳರು. ನಮ್ಮವರೂ ಚೀಲದಲ್ಲಿ ಒಂದು ಅಂಗಿ ತುರುಕಿಕೊಂಡು ಅಲ್ಲಿ ಹೋಗಿ ಕೂತರು. ಪೊಲೀಸ್ ವ್ಯಾನು ಬಂತು, ಎಲ್ಲರೂ ಎದ್ದು ಓಡಿ ಹತ್ತಲು ಹೋದರು. ಜೈಲಿನಲ್ಲಿ ಜಾಗವಿಲ್ಲ ಎಂದು ಗದರಿಸಿ ವ್ಯಾನು ಹೊರಟುಹೋಯಿತು. ಮತ್ತೆ ಮತ್ತೆ ಹೋದರು, ಮತ್ತೆ ಮತ್ತೆ ಹಾಗೆಯೇ ಆಯಿತು. ಶಟರಿನ ಹಿಂದೆ ಉಸಿರು ಹಿಡಿದು ಅಡಗಿದವರನ್ನು ಹುಡುಕಿ ಹುಡುಕಿ ಒಯ್ಯುವವರು, ಬಾಗಿಲಲ್ಲಿ ಬಂದು ನಿಂತವನನ್ನು ಹಿಡಿಯಲು ಒಲ್ಲರು. ಇದನ್ನು ಕೇಳಿದ ದಿನ ನಾನು ಅಂಗಡಿಯ ಸೇಠನ ಮುಂದೆಯೇ ಆ ದೇಶದ ಪೊಲೀಸರಿಗೆ ಬೀದರಿನ ಬೈಗುಳ ಬೈದೆ.

"ವರ್ಕ್‌ಶಾಪಿನಾಗ ಶಟರ್ ಎತ್ತಿ ಕೂಡ್ರಿ. ತಾವ ಬಂದು ಒಯ್ತಾರ," ಎಂದೆ.

"ಹಂಗ ಅನಬ್ಯಾಡ. ನನ್ನ ಜೋಡಿ ಉಳಿದವರೂ ಹೋಗ್ತಾರ. ಎದುರಮನಿ ಅಣ್ಣನ ಮಗಳ ಓದು ಇನ್ನೂ ಮುಗದಿಲ್ಲ. ನಾನಽ ಕರಸಿದವ. ಈ ಬಾಗಲಕ್ಕ ಪೊಲೀಸರನ್ನ ತರಂಗಿಲ್ಲ ಅಂತ ಅವಗ ಮಾತು ಕೊಟ್ಟೀನಿ," ಎಂದರು.

ಅವರು ಆ ಕೋಣೆಯಲ್ಲಿ ಸಿಕ್ಕಿಕೊಂಡಿದ್ದರೆ ನಾನು ಈ ಓಣಿಯಲ್ಲಿ ಸಿಕ್ಕಿಕೊಂಡಿದ್ದೆ. ಮಾತ್ರೆ ಪ್ಯಾಕ್ ಮಾಡುವ ಒಂದು ಕಂಪನಿಯಲ್ಲಿ ಕೆಲಸಕ್ಕೆ ಸೇರಿದ್ದೆ. ಶುಕ್ರವಾರದ ಫೋನು ತಪ್ಪುತ್ತದೆ ಎಂದು ತವರಿಗೆ ಹೋಗಲಿಲ್ಲ, ತಮ್ಮನ ಮದುವೆಗೂ ಅಕ್ಕಿಕಾಳಿನ ಹೊತ್ತಿಗೆ ಹೋಗಿ ಊಟಕ್ಕೂ ನಿಲ್ಲದೆ ಬಂದೆ. ಯಾವಾಗ ಬರ್ತಾರ ಎಂದು ಕೇಳಿದವರಿಗೆಲ್ಲ ಮುಂದಿನ ಹಬ್ಬಕ್ಕೆ ಎನ್ನುತ್ತಿದ್ದೆ. ಹಬ್ಬಗಳು ಬಂದು ಬಂದು ಹೋದವು. ಎದುರು ಮನೆಯ ಅಕ್ಕ ನನ್ನ ಜೊತೆ ಕೂತು ಕಣ್ಣೀರು ಹಾಕುತ್ತಿದ್ದಳು. ಆದರೆ ಅವಳ ಬೇಡಿಕೆ ಒಂದು, ನನ್ನದು ಒಂದು. ನಾನು ದೇವರಿಗೆ ಕೈ ಮುಗಿದು ಸಿಕ್ಕಿಬೀಳಲಿ ಎನ್ನುತ್ತಿದ್ದೆ, ಅವಳು ಅದೇ ದೇವರಿಗೆ ಕೈ ಮುಗಿದು ಸಿಕ್ಕಿಬೀಳದಿರಲಿ ಎನ್ನುತ್ತಿದ್ದಳು. ನಾವಿಬ್ಬರೂ ಅದನ್ನು ಬಾಯಿಬಿಟ್ಟು ಹೇಳಿಕೊಳ್ಳಲಿಲ್ಲ.

ಚಳಿಗಾಲದಲ್ಲಿ ಎಳ್ಳಮಾವಾಸ್ಯೆ ಬಂತು. ನಮ್ಮ ಬೀದರ್, ಕಲಬುರಗಿ ಕಡೆ ಇದಕ್ಕಿಂತ ದೊಡ್ಡ ಹಬ್ಬ ಇಲ್ಲ. ಬುತ್ತಿ ಹೊತ್ತು ಹೊಲಕ್ಕೆ ಹೋಗಿ, ಭೂಮಿಗೆ ಎಡೆ ಕೊಟ್ಟು, ಬೆಳೆಯ ಮೇಲೆ ಆ ಎಡೆಯನ್ನೇ ಚರಗವೆಂದು ಚೆಲ್ಲಿ ಎಲ್ಲರೂ ಕೂತು ಉಣ್ಣುವುದು. ಕಾಳು, ಸೊಪ್ಪು, ಕಾಯಿಪಲ್ಲೆ ಸೇರಿಸಿ ಮಜ್ಜಿಗೆಯಲ್ಲಿ ಕುದಿಸಿದ ಭಜ್ಜಿ, ಸಜ್ಜೆ ರೊಟ್ಟಿ, ಎಳ್ಳು ಹೋಳಿಗೆ. ಅಂದು ಯಾರೂ ಒಬ್ಬರೇ ಉಣ್ಣಬಾರದು. ಹೊಲ ಇಲ್ಲದವರನ್ನು, ದಾರಿಯಲ್ಲಿ ಹೋಗುವವರನ್ನು, ಹೆಸರು ಗೊತ್ತಿಲ್ಲದವರನ್ನು ಕೂಗಿ ಕರೆದು ಕೂರಿಸಬೇಕು. ಕರೆಯದಿದ್ದರೆ ಭೂಮಿ ಸಿಟ್ಟಾಗುತ್ತಾಳೆ ಎಂದು ಅತ್ತೆ. ಸನತ್‌ನಗರದಲ್ಲಿ ಹೊಲ ಎಲ್ಲಿಂದ ತರುವುದು? ರೈಲ್ವೆ ಹಳಿಯ ಪಕ್ಕ ಅತ್ತೆ ನೆಟ್ಟಿದ್ದ ನಾಲ್ಕು ಅವರೆ ಬಳ್ಳಿಗಳೇ ನಮ್ಮ ಹೊಲ. ಅಲ್ಲಿಯೇ ಚರಗ ಚೆಲ್ಲಿ, ಹಳಿ ದಾಟಿ ಹೋಗುತ್ತಿದ್ದ ಕಾರ್ಖಾನೆಯ ಹುಡುಗರನ್ನೆಲ್ಲ ಕೈ ಹಿಡಿದು ಎಳೆದು ತಂದು ಉಣಿಸುತ್ತಿದ್ದರು.

ಆ ಸಲ ಓಣಿಯವರೊಬ್ಬರು ಸೌದಿಗೆ ಹೊರಟಿದ್ದರು. ಅವರ ಕೈಯಲ್ಲಿ ಸಜ್ಜೆ ಹಿಟ್ಟು, ಕಾಳು, ಎಳ್ಳು ಹೋಳಿಗೆ ಕಳಿಸಿದೆವು. ಅಕ್ಕ ಹೋಳಿಗೆ ತಟ್ಟಿದಳು, ನಾನು ಬೇಯಿಸಿದೆ. ಹಬ್ಬದ ಹಿಂದಿನ ವಾರ ಫೋನು ಬಂದಾಗ ಅತ್ತೆ ತಾವೂ ಮಾತಾಡುತ್ತೇನೆಂದು ಬಂದರು. ಅವರಿಗೆ ಕಿವಿ ಮಂದ. ಮಗ ಪಿಸುಗುಟ್ಟಿದ್ದು ಏನೂ ಕೇಳಿಸಲಿಲ್ಲ, ತಾವು ಹೇಳಬೇಕಾದದ್ದನ್ನು ಅಂಗಡಿ ಹಾರಿಹೋಗುವ ಹಾಗೆ ಕೂಗಿ ಹೇಳಿದರು.

"ತಮ್ಮಾ, ಯಳ್ಳಮಾಸಿ ದಿನ ಬಾಗಲಾ ಹಾಕ್ಕೊಂಡು ಉಣಬ್ಯಾಡ್ರೋ. ಬಾಗಲದಾಗ ಹಾದು ಹೋದವರನ್ನ ಕರೀರಿ. ಒಬ್ಬನಾರ ಹೊರಗಿನವ ಉಣ್ಣಬೇಕು."

ಮುಂದಿನ ಶುಕ್ರವಾರ ಫೋನು ಬರಲಿಲ್ಲ. ಅದರ ಮರುದಿನ ಬೇರೆ ವರ್ಕ್‌ಶಾಪಿನ ಹುಡುಗನೊಬ್ಬ ಫೋನು ಮಾಡಿ, ಆ ಕೋಣೆಯವರೆಲ್ಲ ಸಿಕ್ಕಿಬಿದ್ದರು ಎಂದ.

ಅಂದು ಏನಾಯಿತು ಎನ್ನುವುದನ್ನು ನಮ್ಮವರು ಬಂದ ಮೇಲೆ ಸ್ವಲ್ಪ ಸ್ವಲ್ಪವಾಗಿ ಹೇಳಿದರು. ಅವತ್ತು ಶುಕ್ರವಾರ, ರಜೆ. ರಜೆಯ ದಿನ ತಪಾಸಣೆ ಬರುವುದಿಲ್ಲ ಎನ್ನುವ ನಂಬಿಕೆ. ಭಜ್ಜಿ ಕುದಿಯುತ್ತಿತ್ತು. ಆ ವಾಸನೆಗೆ ಎಲ್ಲರಿಗೂ ಊರು ನೆನಪಾಯಿತು. ನಮ್ಮವರು ತಾಯಿ ಹೇಳಿದ್ದನ್ನು ಹೇಳಿ, ಅವ್ವನ ಮಾತು ಹಂಗ ಬಿಡ್ರಿ, ನಾವು ನಾವ ಉಣ್ಣೂಣು ಎಂದರು. ಎದ್ದವನು ಎದುರು ಮನೆಯ ಅಣ್ಣ. ಯಾರು ಬಡಿದರೂ ಎಲ್ಲರಿಗಿಂತ ಮೊದಲು ದೀಪ ಆರಿಸುತ್ತಿದ್ದವನು, ಎಲ್ಲರಿಗಿಂತ ಹೆಚ್ಚು ಅಂಜುತ್ತಿದ್ದವನು. ಅವನು ಸರಸರ ಕೆಳಗಿಳಿದು, "ವರ್ಷಕ್ಕೊಂದ ದಿನ ಮನಶಾರ ಹಂಗ ಉಣ್ಣೂಣು" ಎಂದು ಶಟರನ್ನು ಎದೆಯೆತ್ತರಕ್ಕೆ ಎತ್ತಿಬಿಟ್ಟ. ಬಿಸಿಲು ಒಳಗೆ ಬಂತು. ಗಲ್ಲಿಯಲ್ಲಿ ಉದ್ದನೆಯ ಬಿಳಿ ನಿಲುವಂಗಿಯ ಇಬ್ಬರು ನಿಂತಿದ್ದರು. ಅಣ್ಣನೇ ಕೈ ಸನ್ನೆ ಮಾಡಿ, ಬರುವಷ್ಟು ಅರಬಿಯಲ್ಲಿ ಊಟಕ್ಕೆ ಕರೆದ.

ಅವರು ಬಂದರು. ಕೂತರು. ರೊಟ್ಟಿ ಮುರಿದು ಭಜ್ಜಿಯಲ್ಲಿ ಅದ್ದಿ ಉಂಡರು. ಒಬ್ಬ ಇನ್ನೊಂದು ರೊಟ್ಟಿ ಕೇಳಿ ಹಾಕಿಸಿಕೊಂಡ. ಯಾವ ಊರು, ಯಾವ ಹಬ್ಬ ಎಂದು ಕೇಳಿದರು. ಎಷ್ಟು ಜನ ಇದ್ದೀರಿ, ಈ ಮಷಿನ್ ಯಾರದು, ನೀವೇ ನಡೆಸುತ್ತೀರಾ ಎಂದು ಕೇಳಿದರು. ಮನೆಗೆ ಬಂದ ಅತಿಥಿ ಕೇಳಿದರೆ ಹೇಳದೆ ಇರುವುದು ಹೇಗೆ? ನಮ್ಮವರು ತಾವು ಕಡೆದ ಒಂದು ಶಾಫ್ಟನ್ನು ತಂದು ತೋರಿಸಿದರಂತೆ. ಉಂಡು, ಕೈ ತೊಳೆದು, ಒರೆಸಿಕೊಂಡ ಮೇಲೆ ಅವರು ತಮ್ಮ ಜೇಬಿನಿಂದ ಸರಕಾರಿ ಕಾರ್ಡ್ ತೆಗೆದು ತೋರಿಸಿದರು. ಅಡುಗೆ ಚೆನ್ನಾಗಿತ್ತು ಎಂದೂ ಹೇಳಿದರಂತೆ. ಉಂಡ ಮನೆಯ ಜಂತಿ ಎಣಿಸಬಾರದು ಎನ್ನುತ್ತಾರೆ ನಮ್ಮಲ್ಲಿ. ಇವರು ಎಣಿಸಿ ವ್ಯಾನಿಗೆ ತುಂಬಿದರು.

ವ್ಯಾನಿನಲ್ಲಿ ಅಣ್ಣ ನಮ್ಮವರ ಕೈ ಹಿಡಿದುಕೊಂಡು, ಶಟರು ಎತ್ತಿದವನು ನಾನು ಅಂತ ನನ್ನ ಹೆಂಡತಿ ಮಗಳಿಗೆ ಹೇಳಬೇಡ ಎಂದು ಅತ್ತ. ನಮ್ಮವರು ಮತ್ತೊಂದು ಮಾತು ಕೊಟ್ಟರು. ಮಾತು ಕೊಡುವುದರಲ್ಲಿ ನಮ್ಮವರ ಕೈ ಯಾವಾಗಲೂ ದೊಡ್ಡದು.

ಅವರೆಲ್ಲ ಒಂದೇ ವಿಮಾನದಲ್ಲಿ, ಉಟ್ಟ ಬಟ್ಟೆಯಲ್ಲಿ ಬಂದರು. ಬೇಗಂಪೇಟೆಯ ವಿಮಾನ ನಿಲ್ದಾಣಕ್ಕೆ ನಾನೂ ಅತ್ತೆಯೂ ಅಕ್ಕನೂ ಒಂದೇ ಆಟೋದಲ್ಲಿ ಹೋದೆವು. ಗಡ್ಡ ಬಿಟ್ಟುಕೊಂಡು, ಒಂದು ಪ್ಲಾಸ್ಟಿಕ್ ಚೀಲ ಹಿಡಿದು ನಮ್ಮವರು ಹೊರಗೆ ಬಂದದ್ದನ್ನು ಕಂಡು ನನಗೆ ನಗು ಬಂತು. ತಡೆಯಲಾಗದ ನಗು. ಬದುಕಿ ಬಂದರಲ್ಲ ಎನ್ನುವ ಸಂತೋಷಕ್ಕೆ ನಾನು ಆ ಜನರ ನಡುವೆ ಬಾಯಿ ತೆರೆದು ನಕ್ಕೆ. ಪಕ್ಕದಲ್ಲಿ ಅಕ್ಕ ನಿಂತಿದ್ದಳು. ಅವಳು ನನ್ನ ಮುಖವನ್ನು ನೋಡಿದಳು. ವಾಪಸು ಬರುವಾಗ ಬೇರೆ ಆಟೋ ಹಿಡಿದಳು.

ಕೆಲವು ದಿನದ ಮೇಲೆ ನಲ್ಲಿಯ ಹತ್ತಿರ ಎಲ್ಲರ ಮುಂದೆ ಅವಳು ಕೇಳಿಯೇಬಿಟ್ಟಳು.

"ನಿನ್ನ ಗಂಡ ಮನಿಗೆ ಬರಬೇಕಾಗಿತ್ತು, ಬಂದ. ಅದಕ್ಕ ನಮ್ಮ ಮನಿ ಮುರದ್ರಿ. ನಿಮ್ಮ ಅತ್ತಿ ಹಬ್ಬ ನನ್ನ ಮಗಳ ಓದು ನುಂಗ್ತು. ಶಟರ್ ಎತ್ತಂತ ಫೋನಿನಾಗ ನೀನಽ ಹೇಳಿದ್ದಿ ಅಂತಲ್ಲಾ? ಸೇಠ ಹೇಳ್ಯಾನ."

ಸಿಟ್ಟಿನಲ್ಲಿ ಎಂದೋ ಆಡಿದ ಮಾತು ಸೇಠನ ಅಂಗಡಿಯಿಂದ ಸಕ್ಕರೆ ಚಹಾಪುಡಿಯ ಜೊತೆ ಮನೆಮನೆಗೆ ಹೋಗಿತ್ತು. ಎತ್ತಿದವನು ನಿನ್ನ ಗಂಡ ಎನ್ನುವ ಮಾತು ನನ್ನ ಗಂಟಲಿಗೆ ಬಂದಿತ್ತು. ಒಂದೇ ಮಾತು ಸಾಕಿತ್ತು. ನಮ್ಮವರು ನನ್ನಿಂದ ಅತ್ತೆಯ ತಲೆಯ ಮೇಲೆ ಆಣೆ ಹಾಕಿಸಿಕೊಂಡಿದ್ದರು. ನಾನು ಬಾಯಿ ಮುಚ್ಚಿಕೊಂಡು ಕೊಡ ಎತ್ತಿಕೊಂಡು ಬಂದೆ. ಓಣಿಯವರು ಅದನ್ನು ಕಂಡು, ನೋಡಿ, ಇವಳಿಗೂ ಉತ್ತರ ಇಲ್ಲ ಎಂದು ತೀರ್ಮಾನಿಸಿದರು.

ಅಕ್ಕನ ಮಗಳ ಕಾಲೇಜು ನಿಂತಿತು. ನಾನು ದುಡಿಯುತ್ತಿದ್ದ ಕಂಪನಿಗೇ ಅವಳೂ ಮಾತ್ರೆ ಪ್ಯಾಕ್ ಮಾಡಲು ಬಂದಳು. ಬೇರೆ ಮೇಜು ಕೇಳಿ ಹಾಕಿಸಿಕೊಂಡಳು. ಆ ಹುಡುಗಿಯ ಬೆರಳುಗಳು ಎಷ್ಟು ಬೇಗ ಓಡುತ್ತಿದ್ದವೆಂದರೆ ನನಗೆ ನೋಡಲು ಆಗುತ್ತಿರಲಿಲ್ಲ.

ನಮ್ಮವರು ಮನೆಗೆ ಬಂದರು ನಿಜ. ಆದರೆ ಬಾಗಿಲು ಹಾಕಿದರು. ಬೆಳಗಾದರೂ ಅಗಳಿ ತೆಗೆಯಲು ಬಿಡುತ್ತಿರಲಿಲ್ಲ. ಯಾರಾದರೂ ಬಡಿದರೆ ಫ್ಯಾನು ಆರಿಸಿ ಗೋಡೆಗೆ ಒತ್ತಿಕೊಂಡು ನಿಲ್ಲುತ್ತಿದ್ದರು. ಗ್ಯಾಸಿನವನೋ, ಹಾಲಿನವನೋ, ಬಡಿದು ಬೇಸತ್ತು ಹೋದ ಮೇಲೆ "ಹೋದ್ರು" ಎನ್ನುತ್ತಿದ್ದರು. ನಾನು ಮೊದಮೊದಲು ರೇಗಿದೆ. ಇದು ಸನತ್‌ನಗರ, ಇಲ್ಲಿ ನೀವು ನಿಮ್ಮ ಮನೆಯಲ್ಲಿ ಇದ್ದೀರಿ ಎಂದೆ. ಗೊತ್ತೈತಿ ಎನ್ನುತ್ತಿದ್ದರು. ಗೊತ್ತಿರುವುದಕ್ಕೂ ಮೈಗೆ ಗೊತ್ತಾಗುವುದಕ್ಕೂ ಸಂಬಂಧವಿಲ್ಲ ಎನ್ನುವುದು ನನಗೆ ತಡವಾಗಿ ತಿಳಿಯಿತು. ಯಾರದೋ ವಶೀಲಿಯಿಂದ ಮಾದಾಪುರದ ಒಂದು ಗಾಜಿನ ಕಟ್ಟಡದ ಗೇಟಿನಲ್ಲಿ ಸೆಕ್ಯೂರಿಟಿ ಕೆಲಸ ಸಿಕ್ಕಿತು. ಕೊರಳಲ್ಲಿ ಕಾರ್ಡ್ ಇಲ್ಲದವರನ್ನು ಒಳಗೆ ಬಿಡಬಾರದು, ಅಷ್ಟೇ ಕೆಲಸ. ವಾರ ತುಂಬುವ ಮೊದಲೇ ತೆಗೆದುಹಾಕಿದರು. ಅವರಿಗೆ ಯಾರನ್ನೂ ಕಾರ್ಡ್ ತೋರಿಸಿ ಎಂದು ಕೇಳಲು ಬಾಯಿ ಬರಲಿಲ್ಲ. ಸುಮ್ಮನೆ ಗೇಟು ತೆರೆದು ತಲೆ ತಗ್ಗಿಸಿ ನಿಂತುಬಿಡುತ್ತಿದ್ದರಂತೆ. ಆಮೇಲೆ ಒಂದು ಸಣ್ಣ ಲೇತ್ ಅಂಗಡಿಗೆ ಸೇರಿದರು. ಅಲ್ಲಿ ಶಟರು ಅರ್ಧ ಇಳಿಸಿಕೊಂಡು ಕೆಲಸ ಮಾಡಲು ಬಿಡುತ್ತಿದ್ದರು, ಅದಕ್ಕೆ ಅಲ್ಲಿ ನಿಂತರು.

ಮತ್ತೆ ಎಳ್ಳಮಾವಾಸ್ಯೆ ಬಂತು. ನಾನು ಬೇಡವೆಂದೆ.

"ಯಾರನ್ನ ಕರೀತೀರಿ? ಯಾರ ಬರ್ತಾರ ನಮ್ಮ ಮನಿಗೆ?"

"ಕರಿಯೂದು ನಮ್ಮ ಕೆಲಸ, ಬರೂದು ಬಿಡೂದು ಅವರ ಕೆಲಸ. ನೀ ಭಜ್ಜಿ ಇಡು," ಎಂದರು ಅತ್ತೆ. ತಲೆಯ ಮೇಲೆ ಸೆರಗು ಎಳೆದುಕೊಂಡು ನೇರವಾಗಿ ಎದುರು ಮನೆಗೆ ಹೋದರು. ವರ್ಷದಿಂದ ನಮ್ಮ ಮನೆಯವರು ಯಾರೂ ಆ ಹೊಸ್ತಿಲು ತುಳಿದಿರಲಿಲ್ಲ. ಕಿಟಕಿಯಿಂದ ನೋಡಿದೆ. ಅಕ್ಕ ಒಳಗೆ ಕರೆಯಲಿಲ್ಲ. ಅತ್ತೆ ಅವರ ಮೆಟ್ಟಿಲ ಮೇಲೆಯೇ ಕೂತರು. ನಾನು ಬಂದು ಒಲೆಯ ಮುಂದೆ ನಿಂತೆ. ನಮ್ಮವರು ತಾಯಿ ಹೊರಗೆ ಹೋದ ಕೂಡಲೇ ಅಗಳಿ ಹಾಕಿದ್ದರು.

ಭಜ್ಜಿ ಕುದಿಯುತ್ತಿರುವಾಗ ಬಾಗಿಲು ಬಡಿಯಿತು. ನಮ್ಮವರು ಬಂದು ಒಲೆ ಆರಿಸಿದರು. ನಾನು ಬಾಗಿಲ ಕಡೆ ಹೋಗಲು ತಿರುಗಿದೆ. ನನ್ನ ಮಣಿಕಟ್ಟು ಹಿಡಿದುಕೊಂಡರು. ಕಬ್ಬಿಣ ಹಿಡಿದು ಪಳಗಿದ ಕೈ.

"ತಮ್ಮಾ, ಬಾಗಲಾ ತಗೀಪಾ. ಯಾರ ಬಂದಾರ ನ್ವಾಡು," ಎಂದು ಅತ್ತೆಯ ದನಿ. ಆ ದನಿಯಲ್ಲಿ ಎಂಥ ಖುಷಿ ಇತ್ತು! ಹಿಂದೆ ಒಬ್ಬ ಗಂಡಸು ಕೆಮ್ಮಿದ. ಅಣ್ಣನ ಕೆಮ್ಮು. ಮೆಟ್ಟಿಲ ಮೇಲೆ ಮೂರ್ನಾಲ್ಕು ಜನರ ಚಪ್ಪಲಿಯ ಸದ್ದು.

"ತಂಗೀ," ಎಂದಳು ಅಕ್ಕ. "ಇವ್ರು ಈಗ ಎಲ್ಲಾ ಹೇಳಿದ್ರು. ಶಟರ್ ಎತ್ತಿದವ್ರು ತಾವಽ ಅಂತ. ನಾ ನಿನಗ ಏನೇನೋ ಅಂದೀನಿ. ಬಾಗಲಾ ತಗೀ, ತಂಗೀ."

ನಮ್ಮವರ ಮುಖ ನೋಡಿದೆ. ತಾಯಿಯ ದನಿ ಎಂದು ಅವರಿಗೆ ತಿಳಿಯಲಿಲ್ಲ ಎಂದಲ್ಲ. ತಿಳಿದಿತ್ತು. ಹಣೆಯಿಂದ ಬೆವರು ಇಳಿಯುತ್ತಿತ್ತು, ತುಟಿಯ ಮೇಲೆ ಬೆರಳಿಟ್ಟುಕೊಂಡು ಕಣ್ಣಲ್ಲೇ ಬೇಡುತ್ತಿದ್ದರು. ಓಣಿಯ ಜಗಳಕ್ಕೆಲ್ಲ ಮುಂದೆ ಹೋಗುವ ಬಾಯಿ ನನ್ನದು. ಬಂದೆ ಅಕ್ಕಾ ಎಂದು ಒಂದು ಕೂಗು ಹಾಕಿದ್ದರೆ ಮುಗಿಯುತ್ತಿತ್ತು. ಕೂಗು ಹೊರಡಲಿಲ್ಲ. ಆ ಗಳಿಗೆಯಲ್ಲಿ ನಾನೂ ಆ ದೇಶದ ಆ ಕೋಣೆಯಲ್ಲಿ ಅವರ ಪಕ್ಕದಲ್ಲಿ ಉಸಿರು ಹಿಡಿದು ನಿಂತಿದ್ದೆ. ಹೊರಗೆ ಇರುವವರು ಯಾರು ಎನ್ನುವುದು ನನಗೂ ಮರೆತಂತಾಗಿತ್ತು.

ಮತ್ತೆ ಬಡಿದರು. ಅತ್ತೆ ಇನ್ನೂ ಒಂದೆರಡು ಸಲ ಕರೆದರು. ಖುಷಿ ಹೋಗಿ ದನಿ ಸಣ್ಣದಾಯಿತು.

"ಒಳಗಽ ಅದಾರ, ಅತ್ತಿ. ಭಜ್ಜಿ ವಾಸನಿ ಬರಾಕತ್ತೈತಿ," ಎಂದಳು ಅಕ್ಕ. ಆಮೇಲೆ, "ಬ್ಯಾಡಾಗಿದ್ರ ಬಿಡ್ರಿ," ಎಂದಳು. ಚಪ್ಪಲಿಗಳು ಮೆಟ್ಟಿಲು ಇಳಿದವು. ಎದುರು ಮನೆಯ ಅಗಳಿ ಬಿದ್ದ ಸದ್ದು ನಮ್ಮ ಅಡುಗೆಮನೆಯವರೆಗೂ ಕೇಳಿಸಿತು.

"ಹೋದ್ರು," ಎಂದು ನಮ್ಮವರು ಪಿಸುಗುಟ್ಟಿ ನನ್ನ ಕೈ ಬಿಟ್ಟರು. ಏನೋ ದೊಡ್ಡ ಗಂಡಾಂತರದಿಂದ ನನ್ನನ್ನು ಪಾರು ಮಾಡಿದವರಂತೆ ನನ್ನ ಬೆನ್ನು ಸವರಿದರು.

ನಾನು ಓಡಿ ಬಾಗಿಲು ತೆರೆದೆ. ಎದುರು ಮನೆಯ ಬಾಗಿಲು ಎಷ್ಟು ಬಡಿದರೂ ತೆರೆಯಲಿಲ್ಲ. ಬಡಿಯುತ್ತಿದ್ದ ನನ್ನ ಕೈಯ ಸದ್ದಿಗೆ ನಾನೇ ಅಂಜಿದೆ. ಯುಗಾದಿಗೆ ಮುಂಚೆ ಅವರು ಮನೆ ಖಾಲಿ ಮಾಡಿಕೊಂಡು ಉಪ್ಪಲ್ ಕಡೆ ಹೋದರು.

ಅವತ್ತು ನಾನು ತಿರುಗಿ ಬಂದಾಗ ಅತ್ತೆ ನಮ್ಮ ಮೆಟ್ಟಿಲ ಮೇಲೆ ಕೂತಿದ್ದರು. ಒಳಗೆ ಬನ್ನಿ ಎಂದೆ. ಅವರು ತಿರುಗಿ ನೋಡಲಿಲ್ಲ.

"ತಮ್ಮಗ ಹೇಳು, ನಾನೂ ಹೋದೆ ಅಂತ," ಎಂದರು. "ಅಂಜಬ್ಯಾಡ ಅನ್ನು. ಯಾರೂ ಇಲ್ಲ ಅನ್ನು."

ನಾನು ಒಳಗೆ ಹೋಗಿ ಹಾಗೆಯೇ ಹೇಳಿದೆ. ಆಮೇಲೆ ನಮ್ಮವರು ಉಂಡರು.